ಮೂಲೆ ಠಸ್ಸೆಯ ಭಾವ

ನಮ್ಮ ಭಾವ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದರು. ಆ ಮೂವತ್ತೊಂದು ವರ್ಷಗಳಲ್ಲಿ ಅವರ ಕೈಯಿಂದ ಒಬ್ಬರ ಮುಖದ ಮೇಲೂ ಮಸಿ ಬೀಳಲಿಲ್ಲ. ಅಂಚೆಚೀಟಿಯ ಮೇಲೆ ಹೂವೋ ಹಕ್ಕಿಯೋ ಅಣೆಕಟ್ಟೋ ಉಗಿಬಂಡಿಯೋ ಇದ್ದರೆ ಆ ಕೈ ಉಳಿದವರ ಕೈಯಂತೆಯೇ ಓಡುತ್ತಿತ್ತು, ಮಸಿಯ ಮೆತ್ತೆಗೊಂದು ಏಟು, ಕಾಗದಕ್ಕೊಂದು ಏಟು, ಮತ್ತೆ ಮೆತ್ತೆಗೊಂದು, ಮತ್ತೆ ಕಾಗದಕ್ಕೊಂದು. ಆದರೆ ಚೀಟಿಯ ಮೇಲೆ ಮನುಷ್ಯನ ಮುಖ ಕಂಡಿತೆಂದರೆ ಕೈ ಅರೆಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ಮೆಲ್ಲಗೆ ಚೀಟಿಯ ಕೆಳಗಿನ ಎಡಮೂಲೆಗೆ ಇಳಿಯುತ್ತಿತ್ತು. ಠಸ್ಸೆಯ ದುಂಡಿನ ಕಾಲುಭಾಗ ಚೀಟಿಯ ಮೇಲೆ, ಉಳಿದ ಮುಕ್ಕಾಲು ಲಕೋಟೆಯ ಮೇಲೆ. ತಾರೀಕು ಸ್ಪಷ್ಟ, ಕಾನೂನಿಗೆ ಭಂಗವಿಲ್ಲ, ಮುಖ ತೊಳೆದಿಟ್ಟಷ್ಟು ಶುಭ್ರ.

ಈ ಹಟದಿಂದ ಅವರು ಸಂಪಾದಿಸಿದ್ದು ‘ಮೂಲೆ ಠಸ್ಸೆ’ ಎಂಬ ಅಡ್ಡಹೆಸರನ್ನು ಮತ್ತು ಬಲಗಡೆಗೆ ಒಂದು ಬೆರಳಷ್ಟು ಇಳಿದ ಭುಜವನ್ನು. ಆ ಭುಜದ ದೆಸೆಯಿಂದ ಅವರು ರಸ್ತೆಯಲ್ಲಿ ನಡೆದು ಬರುವಾಗ ಯಾವುದೋ ಅದೃಶ್ಯವಾದ ಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಿರುವಂತೆ ಕಾಣುತ್ತಿತ್ತು. ಮೈಯ ಒಂದು ಪಕ್ಕ ಮೊದಲು ಬಂದು, ಇನ್ನೊಂದು ಪಕ್ಕ ಹಿಂದಿನಿಂದ ಬಂದು ಸೇರಿಕೊಳ್ಳುವುದು. ಮೇಲೊಂದು ಬೂದು ಬಣ್ಣದ ಕೋಟು. ಎಂಥ ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿಯೇ ಇರಬೇಕು. ಬಲತೋಳಿನ ತುದಿಗೆ ಹತ್ತಿದ ಮಸಿಯ ಮೇಲೆ ನಮ್ಮಕ್ಕ ಪ್ರತಿ ಭಾನುವಾರ ಯುದ್ಧ ಸಾರಿ, ಪ್ರತಿ ಸೋಮವಾರ ಸೋಲುತ್ತಿದ್ದಳು. ಓದುಗರು ಆ ಕೋಟಿನ ಗುಂಡಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಅವಕ್ಕೆ ಕೆಲಸವಿದೆ.

ಭಾವನ ಸ್ಥಾಯೀಭಾವ ಸಿಟ್ಟು. ಬೆಳಗಿನ ಹಾಲು ತಡವಾದದ್ದಕ್ಕೆ, ಸಂಬಳ ಏರದಿದ್ದುದಕ್ಕೆ ಬರುವ ಸಾಮಾನ್ಯ ಸಿಟ್ಟಲ್ಲ. ಅಂಥ ವಿಷಯಗಳಲ್ಲಿ ಅವರು ಹಸುವಿನಂಥವರು. ಅವರ ಸಿಟ್ಟೆಲ್ಲ ಅಂಚೆಚೀಟಿಗಳ ಮೇಲಿನ ಮಹನೀಯರ ಪರವಾಗಿ. ಆ ಮಹನೀಯರ ವಿಷಯದಲ್ಲಿ ಅವರಿಗೆ ಗೊತ್ತಿರದ ಚಿಲ್ಲರೆ ಸಂಗತಿಯೇ ಇರಲಿಲ್ಲ. ಹಸಿರು ಚೀಟಿಯ ನಾವಿಕ, ಅರ್ಧ ಸಮುದ್ರದ ನಕ್ಷೆ ಬರೆದವನು, ದೋಣಿ ಹತ್ತಿದರೆ ದಡ ಕಾಣುವವರೆಗೆ ವಾಂತಿ ಮಾಡುತ್ತಿದ್ದ. ನೀಲಿ ಚೀಟಿಯಲ್ಲಿ ಕುದುರೆಯ ಮೇಲೆ ಕುಳಿತ ಸೇನಾಪತಿಗೆ ಕುದುರೆಯೆಂದರೆ ಜೀವಭಯ, ಎಲ್ಲ ಯುದ್ಧಗಳನ್ನೂ ಕಾಲ್ನಡಿಗೆಯಲ್ಲೇ ಗೆದ್ದ. ಕಂದು ಚೀಟಿಯ ವ್ಯಾಕರಣ ಪಂಡಿತರು ಬರೆದ ಕಾಗದ ಒಂದೂ ಅಂಚೆ ಸೇರಲಿಲ್ಲ. ತಿದ್ದಿ ಮುಗಿಯದೆ ಮುನ್ನೂರು ಕಾಗದ ಅವರ ಪೆಟ್ಟಿಗೆಯಲ್ಲೇ ಉಳಿದವು. ಅಂಥವರನ್ನು ಅಂಚೆಚೀಟಿಯ ಮೇಲೆ ಕೂರಿಸಿದ್ದಾರೆ! ನೇರಳೆ ಚೀಟಿಯ ಹೆಣ್ಣುಮಗಳು ಮೊದಲ ಹೆಣ್ಣುಮಕ್ಕಳ ಶಾಲೆ ತೆರೆದವಳು, ಹುಟ್ಟಿನಿಂದ ದೃಷ್ಟಿಮಾಂದ್ಯದವಳು, ಬಾಟಲಿಯ ಬುಡದಂಥ ಗಾಜಿನ ಕನ್ನಡಕ ಹಾಕುತ್ತಿದ್ದವಳು. ಚಿತ್ರಕಾರ ಚೆಂದ ಕಾಣಲೆಂದು ಕನ್ನಡಕ ತೆಗೆದುಬಿಟ್ಟಿದ್ದ.

“ಕನ್ನಡಕ ತೆಗೆದ್ರೆ ಆ ತಾಯಿಗೆ ತನ್ನ ಶಾಲೆಯೇ ಕಾಣೋದಿಲ್ಲ ಕಣೋ! ಹೇಳು, ಇದು ನ್ಯಾಯವಾ?” ಎಂದು ಭಾವ ನನ್ನನ್ನು ಕೇಳುತ್ತಿದ್ದರು, ಕನ್ನಡಕ ತೆಗೆದವನು ನಾನೇ ಎಂಬಂತೆ.

‘ಇದು ನ್ಯಾಯವಾ’ ಎಂಬುದು ಅವರ ಮಾತಿನ ಪೂರ್ಣವಿರಾಮ. ಯಾವ ಸಂಗತಿ ಹೇಳಿದರೂ ಅಲ್ಲಿಗೇ ಬಂದು ನಿಲ್ಲಬೇಕು. ಇಷ್ಟು ದುಡಿದು, ಇಷ್ಟು ನರಳಿ, ಇಷ್ಟು ಮಾಡಿ ಸತ್ತವರನ್ನು ಹೆಬ್ಬೆರಳಿನಗಲದ ಕಾಗದಕ್ಕೆ ಇಳಿಸಿ, ಬೆನ್ನಿಗೆ ಅಂಟು ಸವರಿ, ಜನ ಅದಕ್ಕೆ ನಾಲಿಗೆ ಹಚ್ಚಿ, ಕೊನೆಗೆ ಸರಕಾರದ ಸಂಬಳ ತಿನ್ನುವವನೊಬ್ಬ ಮುಖದ ಮೇಲೆ ಕಬ್ಬಿಣದಿಂದ ಗುದ್ದುವುದನ್ನು ಗೌರವ ಎಂದು ಕರೆಯುವವರ ಬುದ್ಧಿಗೆ ಏನೆನ್ನಬೇಕು ಎಂಬುದು ಅವರ ಆಜೀವ ಪ್ರಶ್ನೆ. ಕಾಗದದ ರಾಶಿ ಕರಗದೆ ಗಾಡಿ ತಪ್ಪುವ ಹೊತ್ತಾದಾಗ ಪೋಸ್ಟ್‌ಮಾಸ್ಟರು ಒಮ್ಮೆ ತಾಳ್ಮೆಗೆಟ್ಟು, “ಸ್ವಾಮಿ, ಅದು ಸ್ಟಾಂಪು, ಮನುಷ್ಯ ಅಲ್ಲ, ಹೊಡೀರಿ ಬೇಗ” ಎಂದರಂತೆ. ಭಾವ ಠಸ್ಸೆ ಕೆಳಗಿಟ್ಟು ಹೇಳಿದರಂತೆ: “ಹಾಗಾದ್ರೆ ನಿಮ್ಮದೊಂದು ಫೋಟೋ ಕೊಡಿ ಸಾರ್, ಅದೂ ಕಾಗದವೇ ತಾನೇ.”

ನಮ್ಮಕ್ಕ ಮಾತ್ರ ಇದನ್ನೆಲ್ಲ ತನ್ನ ರೀತಿಯಲ್ಲಿ ನುಂಗಿಕೊಂಡಿದ್ದಳು. “ನನ್ನ ಬೆನ್ನಿಗೂ ಒಂದಿಷ್ಟು ಅಂಟು ಹಚ್ಚಿಕೊಂಡು ಲಕೋಟೆ ಮೇಲೆ ಕೂತಿದ್ರೆ, ಇವರು ದಿನಕ್ಕೊಂದ್ಸಲ ನನ್ನ ಮುಖಾನೂ ನೋಡ್ತಿದ್ರೇನೋ” ಎನ್ನುವಳು. ಭಾವ ನಗುತ್ತಿರಲಿಲ್ಲ. ಅವರಿಗೆ ಹಾಸ್ಯ ತಿಳಿಯುತ್ತಿರಲಿಲ್ಲವೆಂದಲ್ಲ, ಹೊತ್ತಿರಲಿಲ್ಲ.

ಶಾಲೆಗಳವರು ರಸಪ್ರಶ್ನೆಗೆ ತೀರ್ಪುಗಾರರಾಗಿ ಅವರನ್ನು ಕರೆಯುತ್ತಿದ್ದರು. ಹೋಗುವಾಗ ಹಿಗ್ಗಿ ಹೋಗುವುದು, ಬರುವಾಗ ಕೆಂಡವಾಗಿ ಬರುವುದು. “ಯಾವ ವರ್ಷದ ಸ್ಟಾಂಪು, ಯಾವ ಬಣ್ಣ, ಅಂಚಿಗೆ ಎಷ್ಟು ಹಲ್ಲು ಅಂತ ಕೇಳ್ತಾರೆ. ಆ ಮನುಷ್ಯ ಯಾಕೆ ಅತ್ತ, ಅದು ಬೇಡ ಇವರಿಗೆ!” ಆದರೂ ಮತ್ತೆ ಕರೆದರೆ ಮತ್ತೆ ಹೋಗುವರು. ತಮಗೆ ಗೊತ್ತಿರುವುದನ್ನು ಹೇಳದೆ ಇರುವ ಶಕ್ತಿ ಅವರಿಗಿರಲಿಲ್ಲ, ಮತ್ತು ತಮಗೆ ಗೊತ್ತಿರುವುದು ತಪ್ಪಿರಬಹುದೆಂಬ ಅನುಮಾನ ಆವರೆಗೆ ಅವರ ಹತ್ತಿರ ಸುಳಿದಿರಲಿಲ್ಲ. ಈ ಎರಡನೆಯ ದೋಷವೇ ಅವರನ್ನು ಹಳ್ಳಕ್ಕೆ ಕೆಡವಿದ್ದು.

ಅವರ ನೌಕರಿಯ ಕೊನೆಯ ವರ್ಷ ಹೊಸದೊಂದು ಚೀಟಿ ಬಂತು, ಕೆಂಗಂದು ಬಣ್ಣದ್ದು. ಅದು ಬಹಳ ಹಿಂದೆ ಊರೂರನ್ನೇ ಗುಡಿಸಿದ ಒಂದು ಜ್ವರದ ಕಾಲದಲ್ಲಿ ಆಸ್ಪತ್ರೆ ಕಟ್ಟಿ ಸಾವಿರಾರು ಜನರನ್ನು ಬದುಕಿಸಿದ ವೈದ್ಯರದ್ದು. ಜನ ಅವರನ್ನು ಕರೆಯುತ್ತಿದ್ದದ್ದು ಜ್ವರದ ಡಾಕ್ಟರೆಂದು. ಅವರು ಹುಟ್ಟಿ ನೂರು ವರ್ಷವಾದದ್ದಕ್ಕೆ ಇಲಾಖೆ ಈ ಗೌರವ ಮಾಡಿತ್ತು. ಚೀಟಿಯ ಮೇಲೆ ನಡುವಯಸ್ಸಿನ, ಅಗಲ ಹಣೆಯ, ಸೌಮ್ಯ ಕಣ್ಣಿನ ಮುಖ. ಬಲಹುಬ್ಬಿನ ಮೇಲೆ ಒಂದು ಗಾಯದ ಕಲೆ. ಕೆಳಗೆ ಮುಚ್ಚುಕೊರಳಿನ ಕೋಟು, ಅದರ ಎರಡು ಗುಂಡಿಗಳು. ಕೆಲವು ವಾರಗಳಲ್ಲೇ ಭಾವ ನನಗೆ ಅವರ ಪ್ರವರ ಒಪ್ಪಿಸಿದರು. ಡಾಕ್ಟರಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಇಡೀ ಆಯುಷ್ಯದಲ್ಲಿ ಆಸ್ಪತ್ರೆಯ ಸಿಬ್ಬಂದಿಯ ಜೊತೆ ಒಂದೇ ಒಂದು ಸಲ ನಿಂತಿದ್ದರು, ಆ ಗುಂಪಿನ ಚಿತ್ರದಿಂದಲೇ ಈ ಮುಖ ತೆಗೆದದ್ದು. ಹುಬ್ಬಿನ ಗಾಯ, ಸನ್ನಿ ಏರಿದ ರೋಗಿಯೊಬ್ಬ ಔಷಧಿಯ ಸೀಸೆ ಎಸೆದಾಗ ಆದದ್ದು. ಚೀಟಿಯ ಹಿಂದೆಯೇ ಬಂದ ಹೊಸ ರಸಪ್ರಶ್ನೆಯ ಪುಸ್ತಕದಲ್ಲಿ ಹಾಗೆಂದು ಅಚ್ಚಾಗಿತ್ತು. “ಬದುಕಿಸೋಕೆ ಬಂದವರ ಹಣೆ ಒಡೆದ್ರು. ಈಗ ನಾವು ಅದೇ ಹಣೆಗೆ ಠಸ್ಸೆ ಹೊಡೀಬೇಕು. ಇದು ನ್ಯಾಯವಾ?” ಎಂದು ಮುಗಿಸಿದರು.

ಒಂದು ಮಧ್ಯಾಹ್ನ ನಾನು ಪತ್ರಿಕೆಗೊಂದು ಲೇಖನ ರಿಜಿಸ್ಟರ್ ಮಾಡಿಸಲು ಹೋಗಿ ಭಾವನ ಕಿಟಕಿಯ ಮುಂದೆ ನಿಂತಿದ್ದೆ. ನನ್ನ ಮುಂದೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಇದ್ದರು, ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬರೇ ಇರುವವರು, ನಿವೃತ್ತರಾದ ಶಾಲಾ ಉಪಾಧ್ಯಾಯಿನಿ, ಬಡಾವಣೆಗೆಲ್ಲ ಟೀಚರಮ್ಮ. ಭಾವ ಕೊಟ್ಟ ಕೆಂಗಂದು ಚೀಟಿಯನ್ನು ಲಕೋಟೆಗೆ ಅಂಟಿಸಹೋದವರು ಅದನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ಹಿಡಿದರು.

“ಇದು ಯಾರಪ್ಪ?” ಎಂದರು.

“ಜ್ವರದ ಡಾಕ್ಟರು, ಅಮ್ಮ.”

“ಅಲ್ಲಪ್ಪ. ಇದು ನಮ್ಮಪ್ಪ. ಆ ಆಸ್ಪತ್ರೇಲಿ ಕಾಂಪೌಂಡರ್ ಆಗಿದ್ರು. ನಾನು ಆರು ವರ್ಷದವಳಿದ್ದಾಗ ಹೋಗಿಬಿಟ್ರು. ಮನೇಲಿ ಒಂದು ಫೋಟೋನೂ ಇಲ್ಲ, ಆದ್ರೂ ನನಗೆ ಮರೆಯುತ್ತಾ?” ಎಂದವರು, ಪ್ರಾಮಾಣಿಕಳಾದ ಉಪಾಧ್ಯಾಯಿನಿಯಾದ್ದರಿಂದ, ತಮ್ಮ ವಿರುದ್ಧದ ಸಾಕ್ಷ್ಯವನ್ನೂ ತಾವೇ ಮುಂದಿಟ್ಟರು: “ಕಲೆ ಒಂದು ಮಾತ್ರ ಆಕಡೆ ಈಕಡೆ ಆಗಿದೆ. ಅಪ್ಪನಿಗೆ ಎಡಹುಬ್ಬಿನ ಮೇಲಿತ್ತು. ಮೂರು ವರ್ಷದವಳಿದ್ದಾಗ ನಾನೇ ಲೋಟ ಎಸೆದು ಮಾಡಿದ್ದು, ಮನೇಲಿ ಯಾವಾಗ್ಲೂ ಹೇಳಿ ನಗ್ತಿದ್ರು.”

ಭಾವ ಮೇಲೆದ್ದರು. ಅನ್ಯಾಯ ಕಂಡಾಗ ಏಳುವಂತೆಯೇ ಎದ್ದರು. ಅವರ ದೃಷ್ಟಿಯಲ್ಲಿ ಒಬ್ಬ ಮಹನೀಯನ ಮುಖವನ್ನು ಅವನಿಂದ ಕಸಿಯುವ ಪ್ರಯತ್ನ ಅವರ ಕಿಟಕಿಯಲ್ಲೇ ನಡೆದಿತ್ತು. “ನೋಡಿ ಅಮ್ಮ, ಆ ಗಾಯದ ಕಥೆ ನನ್ನ ಕೇಳಿ, ನಾನು ಹೇಳ್ತೀನಿ. ರೋಗಿ ಸೀಸೆ ಎಸೆದಿದ್ದು. ಬಲಹುಬ್ಬು. ಪುಸ್ತಕದಲ್ಲಿದೆ. ಎಡ ಬಲ ಒಂದೇ ಆಗಿಬಿಡುತ್ತಾ? ವಯಸ್ಸಾದ ಮೇಲೆ ಎಲ್ಲರೂ ನಮ್ಮವರ ಹಾಗೇ ಕಾಣ್ತಾರೆ.” ಸಾಲಿನಲ್ಲಿದ್ದ ಯಾರೋ ನಕ್ಕರು. ಟೀಚರಮ್ಮ ಚೀಟಿಯನ್ನು ಅಂಟಿಸಲಿಲ್ಲ. ಕೈಚೀಲದೊಳಗೆ ಇಟ್ಟುಕೊಂಡು, ಕಾಗದವನ್ನು ಹಾಕದೆಯೇ ಮೆಟ್ಟಿಲಿಳಿದು ಹೋದರು. ನನಗೆ ಆಗ ಭಾವನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮರುದಿನ ಬೆಳಗ್ಗೆ ನಡೆದದ್ದನ್ನು ಅಕ್ಕ ಹೇಳಿದಳು. ಭಾವ ಕನ್ನಡಿಯ ಮುಂದೆ ಕೋಟು ಹಾಕಿಕೊಳ್ಳುತ್ತಿದ್ದರಂತೆ. ಒಂದು ಗುಂಡಿ ಹಾಕಿದರು, ಎರಡನೆಯದಕ್ಕೆ ಕೈ ಹೋಯಿತು, ಅಲ್ಲೇ ನಿಂತಿತು, ಕಚೇರಿಯಲ್ಲಿ ಗಾಳಿಯಲ್ಲಿ ನಿಲ್ಲುವ ಹಾಗೆ. ಗಂಡಸರ ಕೋಟಿನಲ್ಲಿ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರುತ್ತದೆ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ದರ್ಜಿ ಹಾಗೆ ಹೊಲಿದಿರುತ್ತಾನೆ. ಕನ್ನಡಿಯಲ್ಲಿ ಮಾತ್ರ ಅದು ತಿರುವುಮುರುವಾಗಿ, ಬಲಗಡೆಯ ಅಂಚು ಮೇಲಿರುವ ಹಾಗೆ ಕಾಣುತ್ತದೆ. ಭಾವ ಕನ್ನಡಿಯೊಳಗಿನ ಕೋಟನ್ನು ನೋಡಿದರು, ಜೇಬಿನಿಂದ ಕೆಂಗಂದು ಚೀಟಿ ತೆಗೆದು ಅದರೊಳಗಿನ ಕೋಟನ್ನು ನೋಡಿದರು. ಚೀಟಿಯ ಕೋಟೂ ಕನ್ನಡಿಯ ಕೋಟಿನಂತೆಯೇ ಇತ್ತು. “ಅಯ್ಯೋ, ಮಗುಚಿ ಹಾಕಿದ್ದಾರೆ ಕಣೇ! ಫೋಟೋ ಮಗುಚಿ ಹಾಕಿದ್ದಾರೆ! ಎಡ ಅನ್ನೋದೇ ಬಲ ಆಗಿದೆ!” ಎಂದು ಕೂಗಿ, ಬಿಸಿ ಕಾಫಿಯನ್ನು ಅಲ್ಲೇ ಬಿಟ್ಟು, ನನ್ನ ಮನೆಯ ಬಾಗಿಲು ಬಡಿದರು.

ಅಂದು ಅವರು ಎಂದೂ ಹಾಕದ ರಜೆ ಹಾಕಿದರು. ಜ್ವರದ ಆಸ್ಪತ್ರೆ ಈಗ ನಾಲ್ಕು ಮಹಡಿಯ ದೊಡ್ಡ ಆಸ್ಪತ್ರೆ; ಅದರ ಹಳೆಯ ಕಡತದ ಕೋಣೆಯಲ್ಲಿ ಫಿನಾಯಿಲು ಮತ್ತು ಗೆದ್ದಲಿನ ನಡುವೆ ಎರಡು ಗಂಟೆ ಹುಡುಕಿದ ಮೇಲೆ ಆ ಕಾಲದ ವಾರ್ಷಿಕ ವರದಿ ಸಿಕ್ಕಿತು. ಒಳಗೆ ಆ ಒಂದೇ ಒಂದು ಗುಂಪು ಚಿತ್ರ, ಸರಿಯಾಗಿ ಅಚ್ಚಾದದ್ದು. ಎಂಟು ಜನ ಸಾಲಾಗಿ ನಿಂತಿದ್ದಾರೆ. ಎಡದಿಂದ ಮೂರನೆಯವರು ಬಿಸಿಲಿಗೆ ಕಣ್ಣು ಮುಚ್ಚಿಯೇಬಿಟ್ಟ ಒಬ್ಬ ಬೋಳುತಲೆಯ ಕುಳ್ಳ ಮನುಷ್ಯ. ಬಲದಿಂದ ಮೂರನೆಯವರು ನಮ್ಮ ಕೆಂಗಂದು ಚೀಟಿಯವರು, ಕೈಯಲ್ಲೊಂದು ಸೀಸೆ, ಗಾಯದ ಕಲೆ ಎಡಹುಬ್ಬಿನ ಮೇಲೆ. ಇಲಾಖೆಯ ಚಿತ್ರಕಾರ ಗಾಜಿನ ನೆಗೆಟಿವ್ ಅನ್ನು ಮಗುಚಿ ಇಟ್ಟು ಅಚ್ಚು ತೆಗೆದಿದ್ದ, ಆಮೇಲೆ ವರದಿಯ ಅಡಿಬರಹ ನೋಡಿ ಎಡದಿಂದ ಒಂದು, ಎರಡು, ಮೂರು ಎಂದು ಎಣಿಸಿದ್ದ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಡಾಕ್ಟರ ಮುಖ ನೆನಪಿದ್ದವರು ಯಾರೂ ಬದುಕಿರಲಿಲ್ಲ. ರೋಗಿ ಎಸೆದ ಸೀಸೆಯ ಕಥೆಯೋ, ಚೀಟಿಯ ಮೇಲೆ ಕಲೆ ಕಂಡ ಯಾವನೋ ಪುಣ್ಯಾತ್ಮ ರಸಪ್ರಶ್ನೆಗೆಂದು ಹೊಸೆದದ್ದು. ಅದನ್ನು ಭಾವ ಹತ್ತು ಶಾಲೆಗಳ ಮಕ್ಕಳಿಗೆ ಉರು ಹೊಡೆಸಿದ್ದರು.

ಅಡಿಬರಹ ಇಷ್ಟೇ: ‘ಎಡದಿಂದ ಮೂರನೆಯವರು ಡಾಕ್ಟರು. ಉಳಿದವರು ಸಿಬ್ಬಂದಿ.’

“ಉಳಿದವರು!” ಎಂದರು ಭಾವ. ದಾರಿಯುದ್ದಕ್ಕೂ, ಆ ಓರೆ ಭುಜದಿಂದ ಜನರನ್ನು ತಳ್ಳಿಕೊಂಡು ನಡೆಯುತ್ತ, ಅದೊಂದೇ ಮಾತು. “ಏಳು ಜನ ಕಣೋ! ಜ್ವರದ ಮನೇಲಿ ಹಗಲೂ ರಾತ್ರಿ ದುಡಿದು ಸತ್ತಿದ್ದಾರೆ. ಅವರಿಗೆ ಉಳಿದವರು ಅಂತ ಹೆಸರು! ಇನ್ನು ನಾನು... ನಿನ್ನೆ ನಾನು ಆ ಹೆಂಗಸಿಗೆ ಏನಂದೆ?” ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಆದರೆ ಬಿದ್ದವನ ಮೇಲೆ ಕಲ್ಲು ಹಾಕಬಾರದೆಂದು ಅವರ ಕೈ ಹಿಡಿದು ರಸ್ತೆ ದಾಟಿಸಿದೆ.

ನೇರವಾಗಿ ದರ್ಜಿಯಂಗಡಿಯ ಮೆಟ್ಟಿಲು ಹತ್ತಿದೆವು. ಟೀಚರಮ್ಮ ಬಾಗಿಲು ತೆಗೆದಾಗ ಭಾವ ಕೈಮುಗಿದು, “ತಪ್ಪಾಯ್ತಮ್ಮ. ಅವರು ನಿಮ್ಮ ತಂದೆಯೇ” ಎಂದರು. ಅವರು ಅದನ್ನು ಗೆಲುವೆಂದು ತೆಗೆದುಕೊಳ್ಳಲಿಲ್ಲ. “ನನಗೆ ಗೊತ್ತಿತ್ತಲ್ಲಪ್ಪ. ಬಾ, ಕೂತ್ಕೋ” ಎಂದರು. ಆಮೇಲೆ ಅಪ್ಪನ ವಿಷಯ ಹೇಳಿದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸೀಸೆಯಣ್ಣ ಎಂದು. ಔಷಧಿ ಬೆರೆಸಿ ಸೀಸೆಗೆ ತುಂಬಿ, ಓದು ಬಾರದವರಿಗೆ ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲಿ ಎಂದು ಕಾಗದದ ಪಟ್ಟಿಗೆ ಕಚ್ಚು ಕಚ್ಚಾಗಿ ಹಲ್ಲು ಕತ್ತರಿಸಿ ಸೀಸೆಯ ಪಕ್ಕಕ್ಕೆ ಅಂಟಿಸುತ್ತಿದ್ದರಂತೆ. ಮನೆಗೆ ಬಂದರೂ ಬೆರಳಿಗೆ ಅಂಟು. ಊರಿಗೆ ಮೂರನೆಯ ಸಲ ಆ ಜ್ವರ ಬಂದಾಗ ಅಪ್ಪ ಮೂರು ವಾರ ಮನೆಗೆ ಬರಲೇ ಇಲ್ಲ. ನಾಲ್ಕನೆಯ ವಾರ ಬಂದದ್ದು ಸುದ್ದಿ ಮಾತ್ರ.

“ನಾನು ಮೇಲಿನವರಿಗೆ ಬರೀತೀನಿ. ಹೆಸರು ಸರಿ ಮಾಡಿಸ್ತೀನಿ” ಎಂದು ಭಾವ ಎದ್ದು ನಿಂತರು.

“ಬೇಡಪ್ಪ. ಇದ್ದ ಹಾಗೇ ಇರಲಿ. ನನ್ನ ಹಳೇ ಶಿಷ್ಯರಿಗೆಲ್ಲ ಹೇಳ್ತೀನಿ, ಇದೇ ಸ್ಟಾಂಪ್ ಹಚ್ಚಿ ಕಾಗದ ಬರೀರಿ ಅಂತ. ಯಾರ ಹೆಸರಲ್ಲಾದ್ರೂ ಆಗಲಿ, ಅಪ್ಪ ಆಗಾಗ ಮನೆಗೆ ಬಂದು ಹೋಗಲಿ.”

ಈ ಮಾತನ್ನು ನಾನು ಕೇಳಿದೆ, ಕೆಳಗಿನ ಅಂಗಡಿಯ ದರ್ಜಿಯ ಯಂತ್ರವೂ ಕೇಳಿತು, ಭಾವನ ಕಿವಿಗೆ ಮಾತ್ರ ಅದು ಬೀಳಲಿಲ್ಲ. ನ್ಯಾಯದ ಹುಚ್ಚು ಹಿಡಿದವರಿಗೆ ಯಾರಿಗಾಗಿ ನ್ಯಾಯ ಎಂಬುದು ಒಮ್ಮೊಮ್ಮೆ ಮರೆತುಹೋಗುತ್ತದೆ. ಅವರು ಬರೆದರು. ಇಲಾಖೆಯಿಂದ ಮೊದಲು ಧನ್ಯವಾದ ಬಂತು. ಎರಡನೆಯ ಸಲ, ಚಿತ್ರವನ್ನು ತಜ್ಞರ ಸಮಿತಿ ಒಪ್ಪಿದೆ ಎಂಬ ಉತ್ತರ ಬಂತು. ಭಾವ ವರದಿಯ ಚಿತ್ರದ ಪ್ರತಿ ತೆಗೆಸಿ, ಗುಂಡಿಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಮೂರನೆಯ ಸಲ ಬರೆದರು. ಈ ನಡುವೆ ಟೀಚರಮ್ಮನ ಮನೆಗೆ ಕಾಗದಗಳು ಬರತೊಡಗಿದ್ದವು. ದೂರದ ಊರುಗಳಿಂದ ಬಂದವುಗಳ ಮೇಲೆ ಅಪ್ಪನ ಮುಖ ಮಸಿಯಲ್ಲಿ ಮುಳುಗಿರುತ್ತಿತ್ತು. ನಮ್ಮ ಕಚೇರಿಯಲ್ಲೇ ಹಾಕಿದವು ಮಾತ್ರ ಮೂಲೆಯ ಠಸ್ಸೆ ಹೊತ್ತು ಶುಭ್ರವಾಗಿ ಬರುತ್ತಿದ್ದವು. ಅವನ್ನು ಅವರು ಕತ್ತರಿಸಿ ಕ್ಯಾಲೆಂಡರಿನ ಹಿಂಬದಿಗೆ ಸಾಲಾಗಿ ಅಂಟಿಸುತ್ತಿದ್ದರು.

ಮೂರನೆಯ ಉತ್ತರ ಭಾವನಿಗೆ ಬರಲಿಲ್ಲ, ಎಲ್ಲ ಕಚೇರಿಗಳಿಗೂ ಬಂತು. ಕೆಂಗಂದು ಚೀಟಿಯ ಮಾರಾಟವನ್ನು ಬರುವ ಸೋಮವಾರದಿಂದ ನಿಲ್ಲಿಸತಕ್ಕದ್ದು. ಉಳಿದ ಹಾಳೆಗಳನ್ನು ಸುಡುವ ಸಲುವಾಗಿ ಹಿಂದಿರುಗಿಸತಕ್ಕದ್ದು. ಏಕೆ ಎಂದಿರಲಿಲ್ಲ. ಮುಖ ಯಾರದೆಂದು ಇರಲಿಲ್ಲ. ತಪ್ಪು ಮಾಡಿದವರು ತಮ್ಮ ತಪ್ಪನ್ನು ಮುಚ್ಚಲು ಒಬ್ಬ ಬಡ ಕಾಂಪೌಂಡರನನ್ನು ಎರಡನೆಯ ಸಲ ಇಲ್ಲವಾಗಿಸಲು ಹೊರಟಿದ್ದರು. ಆ ಬೆಂಕಿಗೆ ಕಡ್ಡಿ ಗೀರಿಕೊಟ್ಟವರು ನಮ್ಮ ಭಾವ.

ಸುದ್ದಿ ಹೇಳಲು ಅವರೇ ಹೋದರು. ಅಂಥ ಕೆಲಸಗಳಿಂದ ಅವರು ತಪ್ಪಿಸಿಕೊಳ್ಳುವವರಲ್ಲ. ಟೀಚರಮ್ಮ ಎಲ್ಲವನ್ನೂ ಕೇಳಿ, ಕೋಲಿಲ್ಲದ ಉಪಾಧ್ಯಾಯಿನಿ ಹೇಗೆ ಹೊಡೆಯಬಲ್ಲಳೋ ಹಾಗೆ, ಒಂದೇ ಮಾತು ಕೇಳಿದರು: “ನಿನ್ನನ್ನ ಯಾರಪ್ಪ ಕೇಳಿದ್ರು?”

ಗೋಡೆಗೆ ಮಗುಚಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹನ್ನೊಂದು ಸೀಸೆಯಣ್ಣಂದಿರು ಭಾವನನ್ನು ನೋಡುತ್ತಿದ್ದರು. ಭಾವ, “ಶನಿವಾರ ಕಚೇರಿಗೆ ಬನ್ನಿ ಅಮ್ಮ. ನಿಮ್ಮ ಅಕ್ಷರ ಚೆನ್ನಾಗಿರುತ್ತೆ. ಪೆನ್ನು ತನ್ನಿ” ಎಂದಷ್ಟೇ ಹೇಳಿ ಹೊರಟರು.

ಶನಿವಾರ ಮಧ್ಯಾಹ್ನ ನಾನೂ ಅಲ್ಲಿದ್ದೆ, ಅಕ್ಕ ಕಟ್ಟಿಕೊಟ್ಟ ಲಕೋಟೆಗಳ ಕಟ್ಟು ಹೊತ್ತು. ಕಚೇರಿಯಲ್ಲಿ ಉಳಿದಿದ್ದದ್ದು ಒಂದೇ ಹಾಳೆ, ಐವತ್ತು ಚೀಟಿಗಳದ್ದು. ಸೋಮವಾರದಿಂದ ಮಾರುವ ಹಾಗಿಲ್ಲ, ಸರಿ, ಶನಿವಾರ ಮಾರಬಹುದಲ್ಲ? ಭಾವ ಆ ಹಾಳೆಯನ್ನು ತಾವೇ ಕೊಂಡರು. ಮಾರಾಟವಾದ ಚೀಟಿಯನ್ನು ಹಿಂದಕ್ಕೆ ಕೇಳಬಹುದೇನೋ, ಆದರೆ ಕಾಗದಕ್ಕೆ ಅಂಟಿ, ಠಸ್ಸೆ ಬಿದ್ದು, ಬೇರೆಯವರ ಮನೆ ಸೇರಿದ ಚೀಟಿಯನ್ನು ಯಾವ ಇಲಾಖೆಯೂ ಸುಡಲಾರದು. ಟೀಚರಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತು, ಶಾಲೆಯ ಹಲಗೆಯ ಮೇಲೆ ಬರೆಯುವ ದುಂಡು ಅಕ್ಷರದಲ್ಲಿ ಒಂದೇ ಕಾಗದವನ್ನು ಮತ್ತೆ ಮತ್ತೆ ಬರೆದರು: ‘ಈ ಲಕೋಟೆಯ ಮೇಲಿನ ಮುಖ ಜ್ವರದ ಆಸ್ಪತ್ರೆಯ ಕಾಂಪೌಂಡರ್ ಸೀಸೆಯಣ್ಣನವರದು. ಎಡಹುಬ್ಬಿನ ಕಲೆ ಮಗಳು ಎಸೆದ ಲೋಟದ್ದು.’ ನಾನು ಮಡಿಸಿದೆ, ಅಂಟಿಸಿದೆ, ವಿಳಾಸ ಬರೆದೆ. ಊರಿನ ಶಾಲೆಗಳಿಗೆ, ಗ್ರಂಥಾಲಯಗಳಿಗೆ, ಪತ್ರಿಕೆಗಳಿಗೆ, ರಸಪ್ರಶ್ನೆಯ ಪುಸ್ತಕ ಅಚ್ಚು ಹಾಕಿದವರಿಗೆ, ಇಲಾಖೆಯ ತಜ್ಞರ ಸಮಿತಿಗೆ. ಭಾವ ಒಂದೊಂದನ್ನೂ ಮುಂದಿಟ್ಟುಕೊಂಡು, ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ, ಮೂಲೆಗೆ ಇಳಿಸಿದರು. ಪೋಸ್ಟ್‌ಮಾಸ್ಟರು ಎರಡು ಸಲ ಗಂಟಲು ಸರಿಮಾಡಿಕೊಂಡು, ಮೂರನೆಯ ಸಲ ಗಡಿಯಾರದ ಕಡೆ ತಿರುಗಿ ಕುಳಿತರು.

ಐವತ್ತನೆಯದು ಟೀಚರಮ್ಮನ ವಿಳಾಸಕ್ಕೇ. ಭಾವ ಠಸ್ಸೆ ಎತ್ತಿದಾಗ ಅವರು ಕಿಟಕಿಯ ಹತ್ತಿರ ಬಂದರು. “ಇದೊಂದು ನಾನು ಹೊಡೀಲೇನಪ್ಪ?”

ಹೊರಗಿನವರ ಕೈಗೆ ಠಸ್ಸೆ ಕೊಡಬಾರದು. ಇಪ್ಪತ್ತು ವರ್ಷಗಳ ಹಿಂದೆ ಸ್ವಂತ ಭಾವಮೈದನಾದ ನಾನು ತಮಾಷೆಗೆ ಅದನ್ನು ಮುಟ್ಟಿದ್ದಕ್ಕೆ ಎರಡು ವಾರ ಮಾತು ಬಿಟ್ಟ ಮನುಷ್ಯ ಇವರು. ಈಗ ಹಿಡಿಯನ್ನು ಕೋಟಿನ ಅಂಚಿಗೆ ಒರೆಸಿ, ಕಿಟಕಿಯ ಸಂದಿಯಿಂದ ಚಾಚಿದರು. “ಈ ಮೂಲೆಗೆ ಅಮ್ಮ. ಇಲ್ಲಿ. ನಿಧಾನ.”

ಟೀಚರಮ್ಮ ಎರಡೂ ಕೈಯಲ್ಲಿ ಹಿಡಿದು, ಮಸಿಗೆ ಒತ್ತಿ, ಗುರಿಯಿಟ್ಟರು. ಠಸ್ಸೆ ಮೂಲೆಗೆ ಬೀಳಲಿಲ್ಲ. ನೇರ ಹಣೆಗೆ ಬಿತ್ತು, ಸರಿಯಾಗಿ ಆ ಹುಬ್ಬಿನ ಮೇಲೆ.

ನಾನು ಭಾವನನ್ನು ನೋಡಿದೆ. ಟೀಚರಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಅವರಿಗೆ ನಗು ಬಂತು, ಆರು ವರ್ಷದ ಹುಡುಗಿಗೆ ಬರುವಂಥ ನಗು, ಕಣ್ಣಿನಲ್ಲಿ ನೀರು ಬರುವವರೆಗೆ. “ನೋಡಪ್ಪ, ಮತ್ತೆ ನಾನೇ ಹೊಡೆದುಬಿಟ್ಟೆ” ಎಂದರು. ಭಾವ ನಗಲಿಲ್ಲ. ತೋಳಿನ ಮಸಿಯ ತುದಿಯಿಂದ ಕಣ್ಣೊರೆಸಿಕೊಂಡು, ಮುಖಕ್ಕೆಲ್ಲ ಮಸಿ ಮಾಡಿಕೊಂಡು, ಆ ಲಕೋಟೆಯನ್ನು ಉಳಿದ ನಲವತ್ತೊಂಬತ್ತರ ಮೇಲೆ ಇಟ್ಟು ಚೀಲ ಕಟ್ಟಿದರು.

ಐವತ್ತು ಕಾಗದಗಳಿಗೆ ಬಂದ ಉತ್ತರ ಎರಡು. ಅದರಲ್ಲೊಂದು, ಹಾಗಾದರೆ ರಸಪ್ರಶ್ನೆಯಲ್ಲಿ ಯಾವ ಉತ್ತರಕ್ಕೆ ಅಂಕ ಕೊಡಬೇಕು ಎಂದು ಕೇಳಿ ಬರೆದದ್ದು. ಪುಸ್ತಕದ ಹೊಸ ಮುದ್ರಣದಲ್ಲಿ ರೋಗಿ ಇನ್ನೂ ಸೀಸೆ ಎಸೆಯುತ್ತಲೇ ಇದ್ದಾನೆ. ಆ ಬೋಳುತಲೆಯ ಡಾಕ್ಟರ ಪಾಲಿಗೆ ಚೀಟಿಯೇ ಇಲ್ಲವಾಯಿತು. ನಿವೃತ್ತರಾದ ಭಾವ ಈಗ ಅವರ ಪರವಾಗಿ ಇಲಾಖೆಗೆ ಬರೆಯುತ್ತಿದ್ದಾರೆ, ಜೊತೆಗೆ ಆ ಸಾಲಿನಲ್ಲಿ ನಿಂತ ಮಿಕ್ಕ ಆರು ಜನ ಯಾರೆಂದು ಹುಡುಕುತ್ತಿದ್ದಾರೆ. ಒಬ್ಬ ಅಗಸ ಸಿಕ್ಕಿದ್ದಾನೆ, ಒಬ್ಬ ದಾದಿ ಸಿಕ್ಕಿದ್ದಾಳೆ. ಈಗ ಮಾತ್ರ ಪುಸ್ತಕ ನೋಡುವ ಮೊದಲು ಅವರವರ ಮನೆಯವರನ್ನು ಕೇಳುತ್ತಾರೆ, ಕೇಳಿದ ಮೇಲೆ ಉತ್ತರಕ್ಕೂ ಕಾಯುತ್ತಾರೆ.

ಇಂಥ ಸಿಡುಕರು ಮನೆಯಲ್ಲಿದ್ದರೆ ನೆಮ್ಮದಿಯಿಲ್ಲ, ಕಚೇರಿಯಲ್ಲಿದ್ದರೆ ಕೆಲಸ ಸಾಗುವುದಿಲ್ಲ, ನ್ಯಾಯ ಕೊಡಿಸಲು ಹೊರಟರೆ ಒಮ್ಮೊಮ್ಮೆ ಇದ್ದದ್ದನ್ನೂ ಕಳೆಯುತ್ತಾರೆ. ಲೋಕದ ರಾಶಿ ರಾಶಿ ಕೆಲಸ ನಡೆಯುವುದು ನಿಲ್ಲದೆ ಬೀಳುವ ಕೈಗಳಿಂದಲೇ, ಮತ್ತು ಆ ಕೈಗಳಿಗೆ ಎಡದಿಂದ ಮೂರನೆಯವರೊಬ್ಬರು ಸಿಕ್ಕರೆ ಸಾಕು, ಮಿಕ್ಕವರೆಲ್ಲ ಸಿಬ್ಬಂದಿ. ನಾವು ಬಹುತೇಕ ಎಲ್ಲರೂ ಆ ಮಿಕ್ಕವರೇ. ಎಂದಾದರೊಂದು ದಿನ ನಮ್ಮ ಮುಖವೂ ಗುರುತಿಲ್ಲದವರ ಮೇಜಿನ ಮೇಲೆ, ಒಂದು ರಾಶಿಯ ನಡುವೆ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಠಸ್ಸೆ ಹಿಡಿದವನು ಇಂಥ ಸಿಡುಕನೇ ಆಗಿರಲಿ, ಅವನ ಕೈ ಅರೆಕ್ಷಣ ನಿಲ್ಲಲಿ.